ಮಗಳು ಅಲ್ಲೇ ಯಾಕೆ ಉಳಿದಳು?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಎಂ.ಎಸ್.ಡಬ್ಲ್ಯೂ. ಮುಗಿಸಿ ಬೆಂಗಳೂರಿನ ಒಂದು ಎನ್‌ಜಿಒ ಸೇರಿ ಮೂರು ವರ್ಷವಾಯಿತು. ಕಟ್ಟಡ ಕೆಲಸದವರ ಮಕ್ಕಳಿಗೆ ಪಾಠ ಹೇಳುತ್ತಾಳೆ. ಸಂಬಳ 18 ಸಾವಿರ. ಬ್ಯಾಂಕ್ ಪರೀಕ್ಷೆ ಬರಿ ಅಂದರೆ ಕೇಳುವುದಿಲ್ಲ. ಇಂಥವರನ್ನು ಅಲ್ಲಿ ಹಿಡಿದಿಡುವುದಾದರೂ ಏನು? ಸೇವೆಯ ಹುಚ್ಚೋ, ಬೇರೆ ಕೆಲಸ ಸಿಗದ ಪಾಡೋ?"

ಸಂಪಾದಕರ ಉತ್ತರ:

ಎರಡೂ ಇರಬಹುದು, ಸಾರ್. ಆದರೆ ಸೇರಿದ ಕಾರಣ ಬೇರೆ, ಉಳಿದ ಕಾರಣ ಬೇರೆ. ಇಂಟರ್‌ವ್ಯೂನಲ್ಲಿ ಎಲ್ಲರೂ ‘ಸಮಾಜಸೇವೆ’ ಅಂತಲೇ ಹೇಳುತ್ತಾರೆ. ಸದ್ಯಕ್ಕೆ ಒಂದು ಕೆಲಸ ಇರಲಿ ಅಂತ ಬಂದವರೂ ಬೇಕಾದಷ್ಟಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಹುಚ್ಚು ಹಿಡಿಯುವುದು ಆಮೇಲೆ, ಕೆಲಸದಿಂದಲೇ. 1984ರಲ್ಲಿ ಮೈಸೂರಿನ ಕೆಲವು ಮೆಡಿಕಲ್ ವಿದ್ಯಾರ್ಥಿಗಳು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿಕೊಂಡರು. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಿಗೆ ವೈದ್ಯಕ್ಕೆಂದು ಹೋದವರು ಕೊನೆಗೆ ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳಿಗೆ ಶಾಲೆಯನ್ನೇ ನಡೆಸಿದರು.

ಕೆಲವು ವರ್ಷದ ಹಿಂದೆ ವೈಟ್‌ಫೀಲ್ಡ್ ಕಡೆಯ ಒಂದು ಲೇಬರ್ ಶೆಡ್ಡಿನಲ್ಲಿ ನಾನೊಂದು ಬೆಳಿಗ್ಗೆ ಕೂತಿದ್ದೆ. ತಗಡಿನ ಗೋಡೆ, ನೆಲಕ್ಕೆ ಸಿಮೆಂಟ್ ಚೀಲ. ಯಾದಗಿರಿ ಕಡೆಯಿಂದ ಗುಳೆ ಬಂದವರ ಮಕ್ಕಳು. ಒಂಬತ್ತು ವರ್ಷದ ಹುಡುಗನೊಬ್ಬ ಬೋರ್ಡ್ ಮುಂದೆ ನಿಂತಿದ್ದ. "ಅ... ಕ..." ಅಂದ, ನಿಂತ. ಕಾಗುಣಿತ ಬರುತ್ತದೆ, ಒತ್ತಕ್ಷರ ಬಂದ ಕೂಡಲೇ ಗಾಡಿ ಆಫ್. "ಕೆಳಗ ಇರೋದು ಏನ್ ಅಕ್ಕಾ?" ಅಂತ ಕೇಳಿದ. ಪಾಠ ಹೇಳುತ್ತಿದ್ದ ಎನ್‌ಜಿಒ ಹುಡುಗಿ ಹೇಳಿಕೊಡಲಿಲ್ಲ. "ಈಗ ನನ್ನ ಏನಂತ ಕರೆದೆ?" ಅಂದಳು. ಹುಡುಗ ಅವಳ ಮುಖ ನೋಡಿದ, ಬೋರ್ಡ್ ನೋಡಿದ, ಮತ್ತೆ ಅವಳ ಮುಖ ನೋಡಿದ. "ಅಕ್ಕ!" ಅಂತ ಕಿರುಚಿದ. ದಿನಾ ನೂರು ಸಲ ಬಾಯಲ್ಲಿ ಆಡುವ ಮಾತು ಗೋಡೆ ಮೇಲೂ ಇದೆ ಅಂತ ಅವನಿಗೆ ಗೊತ್ತಾಯಿತು. ಅವಳು ಬೆನ್ನು ತಿರುಗಿಸಿ ಡಸ್ಟರ್ ಹುಡುಕಿದಳು. ಡಸ್ಟರ್ ಕೈಯಲ್ಲೇ ಇತ್ತು.

ನಮ್ಮ ನಿಮ್ಮ ಕೆಲಸದಲ್ಲಿ ಇಂಥದ್ದು ವರ್ಷಕ್ಕೆ ಎಷ್ಟು ಸಲ ಸಿಗುತ್ತದೆ ಹೇಳಿ. ನಾನಂತೂ ಬರೆದದ್ದನ್ನು ಯಾರು ಓದಿದರು ಅಂತ ತಿಳಿಯಲು ನಿಮ್ಮಂಥವರ ಕಾಗದಕ್ಕೆ ಕಾಯಬೇಕು.

ಹಾಗಂತ ಅದು ಸುಖದ ಕೆಲಸ ಅಲ್ಲ. ಕಟ್ಟಡ ಮುಗಿದರೆ ಮೇಸ್ತ್ರಿ ಎಲ್ಲರನ್ನೂ ಬೇರೆ ಸೈಟಿಗೆ ಕರೆದೊಯ್ಯುತ್ತಾನೆ. ಸೋಮವಾರ ಬಂದು ನೋಡಿದರೆ ಶೆಡ್ ಖಾಲಿ. ಆಮೇಲೆ ಫೋನ್ ಮೇಲೆ ಫೋನ್. ಮಗು ಸಿಕ್ಕಿದರೂ ಅಲ್ಲಿನ ಶಾಲೆ "ಟಿ.ಸಿ. ತನ್ನಿ" ಅನ್ನುತ್ತದೆ. ಟಿ.ಸಿ. ತಡವಾಯಿತು ಅಂತ ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ನೇ ಹಾಗೆ ಹೇಳುತ್ತದೆ. ನಾನು ಕಂಡ ಆ ಹುಡುಗಿಯ ಬ್ಯಾಗಿನಲ್ಲಿ ಅದರ ಜೆರಾಕ್ಸ್ ಇತ್ತು, ಮಡಿಚಿ ಮಡಿಚಿ ಸವೆದಿತ್ತು. ಜಗಳ ಗೆದ್ದ ದಿನದ ಖುಷಿಯೂ ಜನರನ್ನು ಉಳಿಸುತ್ತದೆ, ಅಲ್ವಾ?

ಬಿಟ್ಟು ಹೋಗುವವರ ಮಾತೂ ಕೇಳಿದ್ದೇನೆ. ಸಂಬಳದ ಬೇಜಾರು ಇದ್ದೇ ಇದೆ. ಅದಕ್ಕಿಂತ ಜಾಸ್ತಿ ಸುಸ್ತು ಮಾಡುವುದು ರಿಪೋರ್ಟು. ದುಡ್ಡು ಕೊಟ್ಟವರಿಗೆ ಕಳಿಸಲು ಫೋಟೋ, ಎಕ್ಸೆಲ್, ಬ್ಯಾನರ್ ಹಿಡಿದು ನಿಂತ ಮಕ್ಕಳು. ಮಗುವಿನ ಜೊತೆ ಕೂರುವ ಹೊತ್ತು ಕಡಿಮೆಯಾದಷ್ಟೂ 18 ಸಾವಿರ ತೀರಾ ಚಿಕ್ಕದಾಗಿ ಕಾಣುತ್ತದೆ. "ನೀವು ದುಡ್ಡಿಗಾಗಿ ಬಂದವರಲ್ಲವಲ್ಲ" ಅಂತ ಮೀಟಿಂಗಿನಲ್ಲಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು. ಮನೆ ಮಾಲೀಕರು ಬಾಡಿಗೆ ಬದಲು ಆ ಮಾತನ್ನು ತಗೊಳ್ಳುವುದಿಲ್ಲ. 20 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಪಿ.ಎಫ್. ಕಟ್ಟಬೇಕು. ಸೇವಾ ಸಂಸ್ಥೆ ಅನ್ನುವುದು ಅದಕ್ಕೆ ನೆಪ ಆಗಬಾರದು. ಮಗಳನ್ನು ಇದೊಂದು ಕೇಳಿ. ತಂದೆಯಾಗಿ ಕೇಳಲೇಬೇಕಾದ ಪ್ರಶ್ನೆ ಅದು.

ಬ್ಯಾಂಕ್ ಪರೀಕ್ಷೆ ವಿಷಯ ಸದ್ಯಕ್ಕೆ ಬಿಡಿ. ಸುಮ್ನೆ ಒಂದು ದಿನ ಬೆಳಗಿನ ರೈಲಿಗೆ ಹೊರಟು ಅವಳ ಕ್ಲಾಸಿನಲ್ಲಿ ಹಿಂದೆ ಕೂತು ನೋಡಿ. ಕುರ್ಚಿ ಇರುವುದಿಲ್ಲ, ಚೀಲದ ಮೇಲೇ ಕೂರಬೇಕು. ಸಂಬಳದ ಮಾತು ಸಂಜೆ ಊಟಕ್ಕೆ ಕೂತಾಗ ತೆಗೆಯಿರಿ.