ಟೀಚರೇ, ನಿಮಗೇನನ್ನಿಸಿತು?

ಈ ತಿಂಗಳು ಪ್ರಶ್ನೆಗಳಿಗಿಂತ ದೂರುಗಳೇ ಜಾಸ್ತಿ. ಓದಿದ ಪುಸ್ತಕದ ಬಗ್ಗೆ ಅನ್ನಿಸಿದ್ದನ್ನು ಮುಚ್ಚುಮರೆ ಇಲ್ಲದೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಕಾಸರಗೋಡಿನವರಿಗೆ ಅಷ್ಟು ಹೇಳಿದರೆ ಸಾಕು ನೋಡಿ. ಉಪ್ಪಳದಿಂದ ಹೊಸದುರ್ಗದವರೆಗೆ ಎಲ್ಲರೂ ಪೆನ್ನು ಹಿಡಿದು ಕೂತಿದ್ದಾರೆ. ಆದರೆ ‘ಹೆಸರು ಹಾಕಬೇಡಿ ಟೀಚರೇ’ ಎಂಬ ಸಾಲು ಮಾತ್ರ ಎಲ್ಲ ಪತ್ರದಲ್ಲೂ ಇದೆ! ಹಾಗಾಗಿ ಊರಷ್ಟೇ ಹಾಕಿದ್ದೇನೆ.

ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿ ಬೆಳೆದವನು ನಾನು. ಎಲ್ಲರೂ ಹೊಗಳುತ್ತಾರೆಂದು ಭೈರಪ್ಪನವರ ‘ಪರ್ವ’ ಹಿಡಿದೆ. ಅದರಲ್ಲಿ ನನ್ನ ಕೃಷ್ಣನೂ ಇಲ್ಲ, ನನ್ನ ಕರ್ಣನೂ ಇಲ್ಲ. ಅರ್ಧಕ್ಕೆ ಮುಚ್ಚಿಟ್ಟೆ. ತಪ್ಪೇ? (ಮುಳ್ಳೇರಿಯ)

ಮುಚ್ಚಿಟ್ಟದ್ದು ತಪ್ಪಲ್ಲ. ನೀವು ಕೊಟ್ಟ ಕಾರಣ ಮಾತ್ರ ನನಗೆ ಒಪ್ಪಿಗೆಯಿಲ್ಲ. ತಾಳಮದ್ದಳೆಯಲ್ಲಿ ಅರ್ಥ ಹೇಳಿ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರ ಸೀಮೆಯವರು ನೀವು. ಶೇಣಿಯವರ ರಾವಣನನ್ನೋ ವಾಲಿಯನ್ನೋ ಕೇಳಲು ಹೋದವರು ‘ಇದು ವಾಲ್ಮೀಕಿ ಬರೆದದ್ದಲ್ಲ’ ಎಂದು ಎದ್ದು ಬಂದದ್ದುಂಟೇ? ಪದ ಅದೇ, ಹಾಡುವ ಭಾಗವತರು ಅವರೇ. ಅರ್ಥ ಹೇಳುವವರು ಬದಲಾದರೆ ಪಾತ್ರವೇ ಬದಲಾಗುತ್ತದೆ. ಇವತ್ತಿನ ವಾಲಿ ರಾಮನಿಗೆ ನೀರು ಕುಡಿಸುತ್ತಾನೆ, ನಾಳಿನವನು ಬೇಗ ಕೈಮುಗಿಯುತ್ತಾನೆ. ಗೊತ್ತಿದ್ದ ಕಥೆಗೆ ರಾತ್ರಿಯಿಡೀ ಚಾಪೆ ಹಾಕಿ ಕೂರುವುದು ಅದಕ್ಕೇ ಅಲ್ವಾ?

ಭೈರಪ್ಪನವರನ್ನೂ ಒಬ್ಬ ಅರ್ಥಧಾರಿ ಎಂದುಕೊಂಡು ಓದಿ. 1979ರಲ್ಲಿ ಬಂದ ಪುಸ್ತಕ. ವರ, ಶಾಪ, ಪವಾಡ ಎಲ್ಲ ತೆಗೆದಿಟ್ಟು, ಉಳಿದ ಮನುಷ್ಯರು ಹೇಗಿದ್ದಿರಬಹುದು ಎಂದು ನೋಡುತ್ತಾರೆ. ಮದ್ರ ದೇಶದ ಮುದುಕ ಶಲ್ಯನ ಮನೆಯಿಂದ ಕಥೆ ಶುರು. ಯುದ್ಧ ಎಂದರೆ ನಮಗೆ ಚೆಂಡೆಯ ಪೆಟ್ಟು, ವೀರಾವೇಶ. ಇಲ್ಲಿ ಅಷ್ಟು ಸೈನ್ಯಕ್ಕೆ ಅನ್ನ ಎಲ್ಲಿಂದ, ಅವರ ಹೇಲು ಉಚ್ಚೆ ಎಲ್ಲಿಗೆ, ಹೆಣ ಎತ್ತುವವರು ಯಾರು ಎಂಬ ಲೆಕ್ಕ. ಊಟ ಮಾಡುತ್ತಾ ಓದುವ ಅಭ್ಯಾಸ ನನ್ನದು. ಆ ಪುಟಗಳಿಗೆ ಬಂದಾಗ ಒಂದನ್ನು ಬದಿಗಿಡಬೇಕಾಯಿತು. ತಟ್ಟೆಯನ್ನೇ ಇಟ್ಟೆ.

ನನಗೆ ಹಿಡಿಸದ್ದೂ ಇದೆ. ಒಬ್ಬೊಬ್ಬರೂ ಕೂತು ಹಿಂದಿನದ್ದನ್ನು ನೆನೆಯುತ್ತಾರೆ, ನೆನೆಯುತ್ತಲೇ ಇರುತ್ತಾರೆ. ಭಾಗವತರು ತಾಳ ಕುಟ್ಟಿ ‘ಸಾಕು’ ಎನ್ನಬಾರದೇ ಅನ್ನಿಸುತ್ತದೆ. ನೀವು ನಿಲ್ಲಿಸಿದ ಕಡೆಯಿಂದ ಮುಂದುವರಿಸಬೇಡಿ, ನೇರ ಯುದ್ಧದ ಭಾಗಕ್ಕೆ ಹಾರಿ. ಅದೂ ಹಿಡಿಸದಿದ್ದರೆ ಪುಸ್ತಕವನ್ನು ಲೈಬ್ರರಿಗೆ ವಾಪಸು ಕೊಡಿ. ಬೇರೆಯವರು ಕಾಯುತ್ತಿರುತ್ತಾರೆ.

ನನಗೆ ಪತ್ತೇದಾರಿ ಕಾದಂಬರಿ ಎಂದರೆ ಪ್ರಾಣ. ‘ಈ ವಯಸ್ಸಿಗೆ ಇದೆಂಥದು’ ಎಂದು ಮನೆಯಲ್ಲಿ ನಗುತ್ತಾರೆ. (ಉಪ್ಪಳ)

ನಗಲಿ ಬಿಡಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ದೆಸೆಯಿಂದ ಓದಿನ ರುಚಿ ಹತ್ತಿಸಿಕೊಂಡವರು ಕನ್ನಡದಲ್ಲಿ ಎಷ್ಟೋ ಮಂದಿ. ನಗುವವರ ಕೈಗೆ ಒಂದು ಒಳ್ಳೆಯ ಕೊಲೆ ಕೇಸು ಕೊಟ್ಟು, ಕೊನೆಯ ನಾಲ್ಕು ಹಾಳೆ ಮಾತ್ರ ನಿಮ್ಮಲ್ಲಿಟ್ಟುಕೊಳ್ಳಿ. ಚಹಾ ತಾನಾಗಿ ನಿಮ್ಮ ಕೋಣೆಗೆ ಬರುತ್ತದೆ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದೆ. ನಮ್ಮ ಹೊಳೆಯ ಹೆಸರು ನೋಡಿ ಆಸೆಯಿಂದ ತೆಗೆದದ್ದು. ಭಾಷೆ ತೀರಾ ಸಾದಾ. ವರ್ಣನೆಯೂ ಕಮ್ಮಿ. ಇದಕ್ಕೆ ಇಷ್ಟು ಹೆಸರು ಯಾಕೆ ಬಂತು ಟೀಚರ್? ನಾನು ಕಾಲೇಜು ವಿದ್ಯಾರ್ಥಿನಿ. (ಕುಂಬಳೆ)

ವರ್ಣನೆ ಕಮ್ಮಿ ಎಂಬುದು ನಿಜ ಮಗಳೇ. ಅದು ಕೊರತೆ ಎಂಬುದನ್ನು ಮಾತ್ರ ಒಪ್ಪಲಾರೆ.

ಸಾರಾ ಅವರು 1936ರಲ್ಲಿ ಕಾಸರಗೋಡಿನಲ್ಲೇ ಹುಟ್ಟಿದವರು. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ನಮ್ಮಲ್ಲಿ ಅರ್ಧ ಊರಿನ ಕಥೆಯೂ ಅದೇ. ಆದರೆ ಆ ಕಾಲದಲ್ಲಿ ಅವರ ಸಮುದಾಯದ ಹೆಣ್ಣುಮಕ್ಕಳು ಹೈಸ್ಕೂಲಿನ ಮೆಟ್ಟಲು ಹತ್ತುವುದೇ ಅಪರೂಪವಾಗಿತ್ತು. ಈ ಕಾದಂಬರಿ 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಸಂಸಾರ, ಮಕ್ಕಳು ಎಲ್ಲ ಆಗಿ, ಹೇಳಬೇಕಾದ್ದು ಒಳಗೆ ತುಂಬಿ ಬಂದ ಮೇಲೆ ಬರೆಯಲು ಕೂತ ಹೆಂಗಸು. ಅಂಥವರು ಸಿಂಗಾರಕ್ಕೆ ಹೋಗುವುದಿಲ್ಲ.

ಓದದವರಿಗಾಗಿ ಕಥೆ ಇಷ್ಟು: ನಾದಿರಾಳ ಅಪ್ಪ ಮಹಮ್ಮದ್ ಖಾನ್ ದರ್ಪದ ಮನುಷ್ಯ. ಅಳಿಯ ರಶೀದನ ಮೇಲಿನ ಹಟಕ್ಕೆ ಮಗಳ ಸಂಸಾರ ಮುರಿಯುತ್ತಾನೆ. ತಲಾಖ್ ಆಗುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಮತ್ತೆ ಒಂದಾಗುವ ಆಸೆ. ಹಾಗಾಗಬೇಕಾದರೆ ಅವಳು ಮೊದಲು ಇನ್ನೊಬ್ಬನನ್ನು ಮದುವೆಯಾಗಿ, ಅವನ ಜೊತೆ ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆದು ಬರಬೇಕು ಎನ್ನುತ್ತಾರೆ. ಕೊನೆ ಏನಾಯಿತು ಎಂದು ಇಲ್ಲಿ ಹೇಳುವುದಿಲ್ಲ. ಪತ್ತೇದಾರಿ ಎಂದರೆ ನಗುವ ಆ ಉಪ್ಪಳದ ಮನೆಮಂದಿ ಇದನ್ನೂ ಓದಲಿ.

ಇಂಥ ಕಥೆಯ ನಡುವೆ ಹೊಳೆಯ ಮೇಲೆ ಬೆಳದಿಂಗಳು ಬಿದ್ದದ್ದನ್ನು ಎರಡು ಪುಟ ಬರೆದಿದ್ದರೆ ನಾನೇ ಪುಸ್ತಕ ಕೆಳಗಿಡುತ್ತಿದ್ದೆ. ಬಾವಿಕಟ್ಟೆಯಲ್ಲಿ ಕೊಡ ಇಳಿಸಿ ಪಕ್ಕದ ಮನೆಯ ಸಂಕಟ ಹೇಳುವ ಹೆಂಗಸಿನ ಧಾಟಿ ಇದು. ಆಚೀಚೆ ನೋಡುವುದಿಲ್ಲ, ವಿಷಯ ಹೇಳಿ ಮುಗಿಸುತ್ತದೆ. ನನಗೂ ಒಂದು ತಕರಾರು ಉಂಟು. ಅಪ್ಪನ ಪಾತ್ರ ಕೆಲವು ಕಡೆ ಬರೀ ಕೆಟ್ಟವನಾಗಿಬಿಡುತ್ತದೆ. ಅವನ ತಲೆಯೊಳಗೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೆ ಒಳ್ಳೆಯದಿತ್ತು. ಆದರೆ ನಾದಿರಾಳ ತಾಯಿಯನ್ನು ನೋಡು. ಗಂಡನ ಎದುರು ಉಸಿರೆತ್ತದ ಹೆಂಗಸು. ಪರೀಕ್ಷೆಗೆಂದು ಓದುವಾಗ ಅವಳು ಕಣ್ಣಿಗೆ ಬೀಳುವುದೇ ಇಲ್ಲ. ಪರೀಕ್ಷೆ ಮುಗಿಯಲಿ, ಅವಳೊಬ್ಬಳನ್ನೇ ಹಿಂಬಾಲಿಸಿಕೊಂಡು ಇನ್ನೊಮ್ಮೆ ಓದು. ನನಗೆ ಪತ್ರ ಹಾಕು.

ಒಂಬತ್ತನೇ ಕ್ಲಾಸಿನ ಮಗ. ಇಂಗ್ಲಿಷ್ ಮೀಡಿಯಂ, ಕನ್ನಡವನ್ನು ಹೆಕ್ಕಿ ಹೆಕ್ಕಿ ಓದುತ್ತಾನೆ. ಮೊಬೈಲ್ ಬಿಟ್ಟು ತೋಟಕ್ಕೂ ಇಳಿಯುವುದಿಲ್ಲ. ನೀತಿಕಥೆಗಳ ಪುಸ್ತಕ ತಂದುಕೊಟ್ಟೆ, ಮುಟ್ಟಿಲ್ಲ. (ಪೆರ್ಲ)

ಆ ಪ್ರಾಯದಲ್ಲಿ ನೀತಿಕಥೆ ಕೊಟ್ಟಿದ್ದರೆ ನಾನೂ ಮುಟ್ಟುತ್ತಿರಲಿಲ್ಲ. ತೇಜಸ್ವಿಯವರ ‘ಕರ್ವಾಲೊ’ ಕೊಡಿ. 1980ರದ್ದು, ಸಣ್ಣ ಪುಸ್ತಕ, ಸಣ್ಣ ವಾಕ್ಯಗಳು, ನಗು ಬೇಕಾದಷ್ಟು. ವಿಜ್ಞಾನಿ ಕರ್ವಾಲೊ, ಊರವರ ಲೆಕ್ಕದಲ್ಲಿ ಪೆದ್ದನಾದ ಮಂದಣ್ಣ, ಕಿವಿ ಎಂಬ ನಾಯಿ, ಎಲ್ಲ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಆ ಪೆದ್ದನ ಕಣ್ಣಿಗೆ ಬೀಳುವುದು ಓದಿದವರ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಉಪಾಯ ಹೇಳುತ್ತೇನೆ. ಪುಸ್ತಕದಲ್ಲಿ ಅಷ್ಟೊಂದು ಹುಡುಕಾಡುವ ಆ ಪ್ರಾಣಿ ನಮ್ಮ ಅಡಿಕೆ ತೋಟಗಳಲ್ಲೇ ಇದೆ. ಬಿಸಿಲು ಬಿದ್ದ ಮೇಲೆ ಮರದ ಕಾಂಡವನ್ನು ಸುಮ್ನೆ ನಿಂತು ನೋಡಬೇಕು. ಮೈ ಥೇಟ್ ಕಾಂಡದ ಬಣ್ಣ, ಮೇಲೆ ಬೂಷ್ಟು ಹಿಡಿದಂಥ ಮಚ್ಚೆ. ಅಲುಗಾಡದಿದ್ದರೆ ಮೂಗಿನ ಎದುರೇ ಇದ್ದರೂ ಕಾಣುವುದಿಲ್ಲ. ಗಂಡು ಗಂಟಲ ಕೆಳಗಿನ ಹಳದಿ ಜೋಲುಚರ್ಮವನ್ನು ಬಿಚ್ಚಿ ಮಡಚಿ ಮಾಡುತ್ತದೆ, ಸಿಕ್ಕಿಬೀಳುವುದು ಆಗಲೇ. ಮೇಲಕ್ಕೆ ಏರಿ, ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳಿಗೆ ಅಂಟಿದ ಚರ್ಮ ಬಿಡಿಸಿ, ಮುಂದಿನ ಮರಕ್ಕೆ ತೇಲಿಬಿಡುತ್ತದೆ. ಹಕ್ಕಿಯ ಹಾಗೆ ಬಡಿಯುವುದಿಲ್ಲ. ಮಗ ಅರ್ಧ ಪುಸ್ತಕ ದಾಟಿದ ಮೇಲೆ ಈ ಸುದ್ದಿ ಹೇಳಿ, ಮೊದಲೇ ಬೇಡ. ತೋಟಕ್ಕೆ ಇಳಿಯುತ್ತಾನೆ. ಮೊಬೈಲ್ ಕೈಯಲ್ಲೇ ಇರಲಿ, ಫೋಟೊ ತೆಗೆಯಲು ಬೇಕು.

ಮಂಜೇಶ್ವರದಲ್ಲೇ ಹುಟ್ಟಿ ಬೆಳೆದೆ. ಗೋವಿಂದ ಪೈಗಳ ಕಾವ್ಯ ಮಾತ್ರ ತಲೆಗೆ ಹತ್ತುವುದಿಲ್ಲ. ಯಾರಲ್ಲೂ ಹೇಳುವ ಹಾಗಿಲ್ಲ. (ಮಂಜೇಶ್ವರ)

ನನ್ನಲ್ಲಿ ಹೇಳಿದಿರಲ್ಲ, ಸಾಕು. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕೆಂಬ ಹಳೆಯ ಪ್ರಾಸವನ್ನು 1911ರಲ್ಲೇ ಕೈಬಿಟ್ಟು ಬರೆದ ಧೈರ್ಯ ಅವರದು. ಆದರೆ ಶಬ್ದಗಳು ಗಟ್ಟಿ. ಯೇಸುವಿನ ಕೊನೆಯ ದಿನದ ‘ಗೊಲ್ಗೊಥಾ’ ತೆಗೆದರೆ ನನ್ನ ಪಕ್ಕದಲ್ಲೂ ನಿಘಂಟು ಇರುತ್ತದೆ. ಮನಸ್ಸಿನಲ್ಲಿ ಓದಬೇಡಿ, ಗಟ್ಟಿಯಾಗಿ ಓದಿ. ಅರ್ಥ ಹಿಂದಿನಿಂದ ಬರುತ್ತದೆ, ಪೂರ್ತಿ ಬಾರದಿದ್ದರೂ ಲಯ ಸಿಗುತ್ತದೆ. ಅದೂ ಆಗದಿದ್ದರೆ ಕಯ್ಯಾರ ಕಿಞ್ಞಣ್ಣ ರೈಗಳ ಆತ್ಮಕಥೆ ‘ದುಡಿತವೇ ನನ್ನ ದೇವರು’ ಓದಿ. ಪೆರಡಾಲದ ಮೇಷ್ಟ್ರು, ಕೃಷಿಕ, ಕವಿ. 1956ರಲ್ಲಿ ನಾವು ಕೇರಳದ ಪಾಲಾದದ್ದನ್ನು ನೂರು ತುಂಬಿ 2015ರಲ್ಲಿ ಹೋಗುವವರೆಗೂ ಒಪ್ಪದವರು. ಗದ್ಯವಾದ್ದರಿಂದ ನಿಘಂಟು ಬೇಡ.

ನೆರೆಮನೆಯವರು ಬಶೀರರ ‘ಪಾತುಮ್ಮಾಯುಡೆ ಆಡ್’ ಕೊಟ್ಟರು. ಮಲಯಾಳ ಓದಲು ಬರುತ್ತದೆ. ಆದರೆ ಕಥೆ ಎಲ್ಲಿದೆ ಎಂದೇ ಗೊತ್ತಾಗಲಿಲ್ಲ. (ಹೊಸದುರ್ಗ)

ಹುಡುಕಬೇಡಿ, ಇಲ್ಲ. ತುಂಬಿ ತುಳುಕುವ ಒಂದು ಮನೆ, ಬಶೀರರ ಕಿಸೆಯ ಮೇಲೆ ಎಲ್ಲರ ಕಣ್ಣು, ಒಳಗೂ ಹೊರಗೂ ಓಡಾಡುವ ತಂಗಿಯ ಆಡು, ಅಷ್ಟೇ. ಆ ಆಡು ಬಶೀರರದ್ದೇ ‘ಬಾಲ್ಯಕಾಲಸಖಿ’ಯನ್ನು ತಿಂದು, ಆಮೇಲೆ ಅವರ ಇನ್ನೊಂದು ಪುಸ್ತಕಕ್ಕೂ ಬಾಯಿ ಹಾಕುತ್ತದೆ. ಒಬ್ಬ ಲೇಖಕನನ್ನು ಇಷ್ಟು ಅಗಿದು ಓದಿದ ವಿಮರ್ಶಕರನ್ನು ನಾನು ಕಂಡಿಲ್ಲ. ದಿನಕ್ಕೆ ನಾಲ್ಕು ಪುಟದಂತೆ ಓದಿ, ಸಂಜೆ ಚಹಾದ ಜೊತೆ.

ಗೆಳತಿ ಕವನ ಸಂಕಲನ ತಂದಿದ್ದಾಳೆ. ಬಿಡುಗಡೆಯ ದಿನ ಪುಸ್ತಕದ ಬಗ್ಗೆ ನಾನೇ ಮಾತಾಡಬೇಕಂತೆ. ಓದಿದೆ, ಹಿಡಿಸಲಿಲ್ಲ. ಏನು ಮಾಡಲಿ? (ಬದಿಯಡ್ಕ)

ಮೊದಲು ಗೆಳತಿಗೆ ಹೇಳಿ, ಆಮೇಲೆ ಮೈಕಿಗೆ. ಅವಳ ಮನೆಗೆ ಹೋಗಿ, ಪುಟ ತೆರೆದು, ಇದು ಹಿಡಿಸಿತು, ಇದು ಹಿಡಿಸಲಿಲ್ಲ, ಇಲ್ಲಿ ಈ ಸಾಲು ಎರಡು ಸಲ ಬಂದಿದೆ ಎಂದು ಬೆರಳಿಟ್ಟು ತೋರಿಸಿ. ಎರಡು ದಿನ ಮುಖ ಊದಿಸಿಕೊಂಡಾಳು, ಪರವಾಗಿಲ್ಲ. ವೇದಿಕೆಯಲ್ಲಿ, ನಿಮಗೆ ನಿಜವಾಗಿ ಹಿಡಿಸಿದ ಒಂದೇ ಒಂದು ಕವನ ಓದಿ, ಯಾಕೆ ಹಿಡಿಸಿತೆಂದು ಐದು ನಿಮಿಷ ಹೇಳಿ ಇಳಿದುಬಿಡಿ. ‘ಭರವಸೆಯ ಕವಯಿತ್ರಿ’ ಎಂದು ಮಾತ್ರ ಹೇಳಬೇಡಿ. ಅದರ ಅರ್ಥ ಸಭೆಯಲ್ಲಿ ಕೂತವರಿಗೆಲ್ಲ ಗೊತ್ತು.

ಒಂದೂ ಹಿಡಿಸಲಿಲ್ಲವೇ? ಹಾಗಾದರೆ ಆ ದಿನ ನಿಮಗೆ ಮಂಗಳೂರಿನಲ್ಲಿ ಹತ್ತಿರದವರ ಮದುವೆ ಇದೆ. ನಮ್ಮ ಕಡೆ ಮದುವೆಯಿಲ್ಲದ ಭಾನುವಾರ ಯಾವುದು?