ಇಂಗ್ಲಿಷಿನ ‘ಫಾಲ್’ ಪದದ ಮೂಲ ಯಾವುದು? ಬೀಳುವುದಕ್ಕೂ ಶರತ್ಕಾಲಕ್ಕೂ ಒಂದೇ ಪದ ಏಕೆ?

‘ಫಾಲ್’ ಇಂಗ್ಲಿಷಿಗೆ ಲ್ಯಾಟಿನ್ನಿನಿಂದಲೋ ಫ್ರೆಂಚಿನಿಂದಲೋ ಎರವಲಾಗಿ ಬಂದ ಪದವಲ್ಲ, ಆ ಭಾಷೆಯ ಹುಟ್ಟುಪದ. ಹಳೆಯ ಇಂಗ್ಲಿಷಿನಲ್ಲಿ ಅದು ‘ಫೆಅಲ್ಲನ್’ ಎಂದಿತ್ತು. ಜರ್ಮನ್ನಿನ ‘ಫಾಲೆನ್’, ಸ್ವೀಡಿಷಿನ ‘ಫಾಲಾ’ ಅದರ ಒಡಹುಟ್ಟುಗಳು. ನಮ್ಮಲ್ಲಿ ಹಲವರು ಸಂಸ್ಕೃತದ ‘ಪತನ’ವನ್ನು ಇದರ ಜೊತೆಗೆ ಸೇರಿಸಿಬಿಡುತ್ತಾರೆ. ಅರ್ಥ ಒಂದೇ ಆದರೂ ಧಾತು ಬೇರೆ: ‘ಪತ್’ ಎಂಬುದಕ್ಕೆ ಹಾರುವುದು ಎಂಬ ಅರ್ಥವೂ ಇದ್ದು, ಇಂಗ್ಲಿಷಿನಲ್ಲಿ ಅದರ ನೆಂಟ ಗರಿ ಎಂಬ ಅರ್ಥದ ‘ಫೆದರ್’. ಹಾಗೆಯೇ ‘ಫೇಲ್’ ಕೂಡ ‘ಫಾಲ್’ನ ಸಂಬಂಧಿಯಲ್ಲ, ಅದು ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದದ್ದು.

ನನಗೆ ಬಹಳ ಪ್ರಿಯವಾದದ್ದು ‘ಫಾಲ್’ ಮತ್ತು ‘ಫೆಲ್’ಗಳ ಜೋಡಿ. ‘ಫೆಲ್’ ಎಂಬುದು ‘ಬಿದ್ದಿತು’ ಎಂಬ ಭೂತಕಾಲದ ರೂಪವೆಂದು ಎಲ್ಲರೂ ಬಲ್ಲರು. ಆದರೆ ಮರವನ್ನು ಕಡಿದು ಉರುಳಿಸುವುದಕ್ಕೆ ಹೇಳುವ ‘ಫೆಲ್’ ಅದಲ್ಲ. ಅದು ‘ಬೀಳು’ವಿನಿಂದ ‘ಬೀಳಿಸು’ ಹುಟ್ಟುವಂತೆ ‘ಫಾಲ್’ನಿಂದ ಹುಟ್ಟಿದ ಬೇರೆಯೇ ಕ್ರಿಯಾಪದ. ನಾವು ‘ಇಸು’ ಸೇರಿಸುವಲ್ಲಿ ಪ್ರಾಚೀನ ಜರ್ಮಾನಿಕ್ ಭಾಷೆ ಬೇರೊಂದು ಪ್ರತ್ಯಯವನ್ನು ಸೇರಿಸುತ್ತಿತ್ತು. ಆ ಪ್ರತ್ಯಯ ಕಾಲಕ್ರಮದಲ್ಲಿ ಸವೆದುಹೋಗಿ, ಅದರಿಂದ ಬದಲಾದ ಸ್ವರ ಮಾತ್ರ ಗುರುತಾಗಿ ಉಳಿದಿದೆ. ‘ಸಿಟ್’ ಮತ್ತು ‘ಸೆಟ್’, ಅಂದರೆ ಕೂರು ಮತ್ತು ಕೂರಿಸು, ಇದೇ ಬಗೆಯ ಜೋಡಿ.

ಇನ್ನು ಋತುವಿನ ಮಾತು. ಇಂಗ್ಲಿಷರು ಮೊದಲು ಆ ಕಾಲವನ್ನು ಸುಗ್ಗಿ ಎಂಬ ಅರ್ಥದ ‘ಹಾರ್ವೆಸ್ಟ್’ ಎಂದೇ ಕರೆಯುತ್ತಿದ್ದರು. 16ನೆಯ ಶತಮಾನದಲ್ಲಿ ‘ಎಲೆ ಉದುರುವ ಕಾಲ’ ಎಂಬರ್ಥದ ‘ಫಾಲ್ ಆಫ್ ದ ಲೀಫ್’ ಬಳಕೆಗೆ ಬಂದು, ಕ್ರಮೇಣ ‘ಫಾಲ್’ ಎಂದಷ್ಟೇ ಉಳಿಯಿತು. ಅಮೆರಿಕಕ್ಕೆ ವಲಸೆ ಹೋದವರು ಅದನ್ನು ಉಳಿಸಿಕೊಂಡರು, ಬ್ರಿಟನ್ನಿನಲ್ಲಿ ಲ್ಯಾಟಿನ್ ಮೂಲದ ‘ಆಟಮ್’ ಗೆದ್ದಿತು. ಆದ್ದರಿಂದ ‘ಫಾಲ್’ ಅಮೆರಿಕನ್ನರು ಹೊಸದಾಗಿ ಹುಟ್ಟಿಸಿದ ಪದವೆನ್ನುವುದು ತಪ್ಪು.

ಬೆಲೆ ಇಳಿಯುವುದು, ಸರ್ಕಾರ ಉರುಳುವುದು, ಕತ್ತಲೆ ಕವಿಯುವುದು, ಯುದ್ಧದಲ್ಲಿ ಮಡಿಯುವುದು ಇವೆಲ್ಲಕ್ಕೂ ‘ಫಾಲ್’ ಒದಗುತ್ತದೆ. ಆದರೆ ನಿದ್ದೆ, ಪ್ರೀತಿ, ಕಾಯಿಲೆಗಳ ಜೊತೆ ಬಂದಾಗ ಅದು ಮೇಲಿನಿಂದ ಕೆಳಗೆ ಬರುವುದನ್ನು ಸೂಚಿಸುವುದಿಲ್ಲ. ನಮ್ಮ ಇಚ್ಛೆಯನ್ನು ಕೇಳದೆ, ತಡೆಯಲು ಬಿಡದೆ ಆಗುವ ಸ್ಥಿತ್ಯಂತರವನ್ನು ಸೂಚಿಸುತ್ತದೆ. ಆಪತ್ತು ಬಂದೊದಗುವುದಕ್ಕೆ ಹೇಳುವ ‘ಬಿಫಾಲ್’ನಲ್ಲಿಯೂ ಇದೇ ಅರ್ಥವಿದೆ. ಲ್ಯಾಟಿನ್ನಿನವರೂ ಹೀಗೆಯೇ ಯೋಚಿಸಿದ್ದರು: ಇಂಗ್ಲಿಷಿನ ‘ಆಕ್ಸಿಡೆಂಟ್’, ‘ಚಾನ್ಸ್’ ಎರಡೂ ಬೀಳು ಎಂಬ ಅರ್ಥದ ‘ಕಾದೆರೆ’ ಎಂಬ ಲ್ಯಾಟಿನ್ ಕ್ರಿಯಾಪದದಿಂದ ಬಂದಿವೆ. ಹಬ್ಬವೊಂದು ಸೋಮವಾರದಂದು ‘ಫಾಲ್’ ಆಗುತ್ತದೆ ಎನ್ನುವಾಗಲೂ ಇರುವುದು ತಾನಾಗಿ ಒದಗಿಬರುವುದು ಎಂಬ ಈ ಅರ್ಥವೇ.