ಮಾರಾಕ್ಕೆ ಪೆನ್ಸಿಲ್ ಹೊತ್ತುಕೊಂಡು ಹೋಗಬೇಕಾ?

ಓದುಗರ ಪತ್ರ: ಮಗ ನೈರೋಬಿಯಲ್ಲಿದ್ದಾನೆ. ಡಿಸೆಂಬರ್‌ನಲ್ಲಿ ನಮ್ಮಿಬ್ಬರನ್ನೂ ಕೆನ್ಯಾದ ಮಸಾಯಿ ಮಾರಾ ವನ್ಯಧಾಮಕ್ಕೆ ಕರೆದುಕೊಂಡು ಹೋಗುತ್ತಾನಂತೆ. ಸುತ್ತಲಿನ ಹಳ್ಳಿಗಳಿಗೆ ನೆರವಾಗುತ್ತಿದ್ದೇವೆ, ಶಾಲೆಗೆ ಪೆನ್ಸಿಲ್, ಪುಸ್ತಕ ತಂದರೆ ಒಳ್ಳೆಯದು ಎಂದು ಸಫಾರಿ ಲಾಡ್ಜ್‌ನವರು ತಿಳಿಸಿದ್ದಾರೆ. ಇದು ನಿಜವಾದ ನೆರವಾ, ಸುಮ್ನೆ ಪ್ರಚಾರವಾ? ಏನು ಒಯ್ಯಲಿ?
– ಓದುಗರೊಬ್ಬರು, ಮಣಿಪಾಲ

ಸಂಪಾದಕರ ಉತ್ತರ:

ಮೊದಲು ಸೂಟ್‌ಕೇಸ್ ವಿಷಯ. ಪ್ಲಾಸ್ಟಿಕ್ ಕೈಚೀಲ ಬೇಡವೇ ಬೇಡ. ಕೆನ್ಯಾ 2017ರಲ್ಲೇ ಅದನ್ನು ನಿಷೇಧಿಸಿದೆ, ದಂಡವೂ ಜೋರು. ಶಾಲೆಗೆ ಪೆನ್ಸಿಲ್ ನಿಜಕ್ಕೂ ಬೇಕಿದ್ದರೆ ದಾರಿಯಲ್ಲಿ ನರೋಕ್ ಪೇಟೆ ಸಿಗುತ್ತದೆ, ಅಲ್ಲೇ ಕೊಳ್ಳಿ. ಆ ಅಂಗಡಿಯವನಿಗೂ ನಾಲ್ಕು ಕಾಸು ಆಗಲಿ. ಇಲ್ಲಿಂದ ಹೊತ್ತುಕೊಂಡು ಹೋಗುವುದೆಂದರೆ ಉಡುಪಿ ಪರ್ಯಾಯದ ಹೊರೆಕಾಣಿಕೆಗೆ ನಮ್ಮೂರಿನದ್ದೇ ಬದನೆ ಮಟ್ಟುಗುಳ್ಳವನ್ನು ನೈರೋಬಿಯಿಂದ ತಂದ ಹಾಗೆ.

ಇನ್ನು ನೆರವಾ, ಪ್ರಚಾರವಾ ಅನ್ನೋದು. ಉಡುಪಿ ಕಡೆಯವರಿಗೆ ಹೋಟೆಲ್ ಲೆಕ್ಕ ನಾನು ಹೇಳಿಕೊಡಬೇಕಾ? ಗಲ್ಲಾಕ್ಕೆ ಬಿದ್ದ ದುಡ್ಡು ಜಾಗದ ಬಾಡಿಗೆಗೆ, ಸಂಬಳಕ್ಕೆ, ತರಕಾರಿಗೆ ಹೋಗುತ್ತದೆ. ಉಳಿದರೆ ದಾನಧರ್ಮ. ಸಫಾರಿ ಲಾಡ್ಜ್ ಕೂಡ ಹೋಟೆಲೇ ತಾನೆ. ಆದರೆ ಫೋಟೊ ಹಾಕುವುದು ಕೊನೆಯ ಬಾಬ್ತಿನದ್ದು ಮಾತ್ರ. ನೀವು ನೋಡಬೇಕಾದ್ದು ಮೊದಲಿನ ಮೂರನ್ನು.

ಬಾಡಿಗೆಯನ್ನೇ ತೆಗೆದುಕೊಳ್ಳಿ. ಮಾರಾ ವನ್ಯಧಾಮದ ಗಡಿಯ ಆಚೆ ಇರುವ ಜಮೀನು ದನ ಸಾಕುವ ಮಸಾಯಿ ಜನರದ್ದು. ಒಟ್ಟಾಗಿದ್ದದ್ದು ಆಮೇಲೆ ಮನೆಮನೆಗೆ ಪಾಲಾಯಿತು. ಪಾಲಾದಲ್ಲಿ ಬೇಲಿ ಬರುತ್ತದೆ, ನಮ್ಮಲ್ಲಿ ಬಂದ ಹಾಗೆ. ಬೇಲಿ ಬಂದರೆ ಆನೆಗೂ ದಾರಿಯಿಲ್ಲ, ದನಕ್ಕೂ ಇಲ್ಲ. ಅದಕ್ಕೇ ಕೆಲವರು ಅಕ್ಕಪಕ್ಕದ ತುಂಡುಗಳನ್ನು ಮತ್ತೆ ಕೂಡಿಸಿ ಲಾಡ್ಜ್‌ಗಳಿಗೆ ಗೇಣಿಗೆ ಕೊಟ್ಟರು. ಇದಕ್ಕೆ ಕನ್ಸರ್ವೆನ್ಸಿ ಅನ್ನುತ್ತಾರೆ. ಓಲಾರೆ ಒರೊಕ್ ಶುರುವಾಗಿದ್ದು 2006ರಲ್ಲಿ, ನಬೋಯಿಶೋ 2010ರಲ್ಲಿ. ನಮ್ಮ ಕಡೆ ಗೇಣಿ ಅಂದರೆ ಒಕ್ಕಲು ಧಣಿಗೆ ಅಳೆಯುತ್ತಿದ್ದ ಅಕ್ಕಿ. ಅಲ್ಲಿ ಧಣಿಯಂತೆ ಕಾಣುವ ಲಾಡ್ಜೇ ದನ ಕಾಯುವವನಿಗೆ ಗೇಣಿ ಕೊಡುತ್ತದೆ. ಪ್ರವಾಸಿಗರು ಬರಲಿ ಬಿಡಲಿ, ಜಮೀನಿನ ಅಳತೆಗೆ ತಕ್ಕಂತೆ ಖಾತೆಗೆ ದುಡ್ಡು ಬೀಳಬೇಕು. 2020ರಲ್ಲಿ ಕೊರೊನಾ ಬಂದು ಟೆಂಟ್‌ಗಳು ಖಾಲಿ ಬಿದ್ದಾಗ ಈ ಗೇಣಿಗೂ ಕತ್ತರಿ ಬಿತ್ತು. ಆದರೂ ಕೇಳುವ ಹಕ್ಕಿರುವ ದುಡ್ಡು ಬೇರೆ, ಕೊಟ್ಟಾಗ ಕೈಮುಗಿದು ತೆಗೆದುಕೊಳ್ಳುವ ದುಡ್ಡು ಬೇರೆ, ಅಲ್ವಾ?

ಇದರಲ್ಲೂ ಹುಳುಕಿದೆ. ಜಮೀನಿನ ಕಾಗದ ಹೆಚ್ಚಾಗಿ ಗಂಡಸರ ಹೆಸರಿನಲ್ಲಿ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿದ್ದ ಅಳಿಯಕಟ್ಟು ಕಂಡ ನಾಡಿನವರಾದ ನಮಗೆ ಇದು ಬೇಗ ಕಣ್ಣಿಗೆ ಹೊಡೆಯುತ್ತದೆ. ಹೆಂಗಸರ ಕೈಗೆ ನೇರ ಬರುವುದು ಮಣಿಸರ ಮಾರಿದ ದುಡ್ಡು. ನಿಮ್ಮ ಮನೆಯವರಿಗೆ ಹೇಳಿ, ಅಲ್ಲಿ ಚೌಕಾಸಿ ಜಾಸ್ತಿ ಬೇಡ.

ಸಿಂಹ ನೋಡಿ ನೀವು ಕುಣಿಯುತ್ತೀರಿ. ಅದೇ ಸಿಂಹ ರಾತ್ರಿ ಮುಳ್ಳುಬೇಲಿ ಹಾರಿ ದೊಡ್ಡಿಗೆ ನುಗ್ಗಿದರೆ ದನ ಹೋಗುವುದು ಹಳ್ಳಿಯವನದ್ದು. ಚಿರತೆ ನಾಯಿ ಎತ್ತಿಕೊಂಡು ಹೋದ ಮನೆಯವರನ್ನು ಹೆಬ್ರಿ ಕಡೆ ಕೇಳಿ ನೋಡಿ, ಅರ್ಥವಾಗುತ್ತದೆ. ದೊಡ್ಡಿಗೆ ಗಟ್ಟಿ ತಂತಿ ಬಲೆ ಹಾಕಿಸಿಕೊಟ್ಟ ಲಾಡ್ಜ್ ನನ್ನ ಲೆಕ್ಕದಲ್ಲಿ ಸಾವಿರ ಪೆನ್ಸಿಲ್ ಹಂಚಿದ ಲಾಡ್ಜ್‌ಗಿಂತ ಮೇಲು.

'ಹಳ್ಳಿ ಭೇಟಿ' ಅಂತ ಪಟ್ಟಿಯಲ್ಲಿದ್ದರೆ ಸ್ವಲ್ಪ ಯೋಚಿಸಿ. ನಮ್ಮ ರಾಜ್ಯದ್ದೇ ಒಂದು ಕಾಡಂಚಿನ ರೆಸಾರ್ಟ್‌ನವರು ಹಿಂದೊಮ್ಮೆ ನಮ್ಮನ್ನು ಬುಡಕಟ್ಟಿನವರ ಹಾಡಿಗೆ ಕರೆದೊಯ್ದಿದ್ದರು. ಅಂಗಳದ ಒಲೆಯಲ್ಲಿ ಅಜ್ಜಿಯೊಬ್ಬರು ಮುದ್ದೆ ತಿರುವುತ್ತಿದ್ದರು. ನಮ್ಮ ಗುಂಪಿನವರು ಒಂದು ಮಾತೂ ಕೇಳದೆ ಮೊಬೈಲ್ ಎತ್ತಿದರು. ಅಜ್ಜಿ ಬೈಯಲಿಲ್ಲ. ಕೋಲು ಬಿಟ್ಟು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಮ್ಮ ಕಣ್ಣೆದುರೇ ಮುದ್ದೆ ಸೀದು ಹೋಯಿತು. ಇಳಿಸಲು ನಮ್ಮಲ್ಲಿ ಯಾರಿಗೂ ಧೈರ್ಯ ಬರಲಿಲ್ಲ.

ಹೊರಡುವ ಮೊದಲು ಮಗನ ಕೈಯಿಂದ ಲಾಡ್ಜ್‌ಗೆ ಒಂದು ಮೇಲ್ ಹಾಕಿಸಿ. ಜಾಗ ಯಾರದ್ದು, ಗೇಣಿ ಎಷ್ಟು ಮನೆಗೆ ಹೋಗುತ್ತದೆ, ಮ್ಯಾನೇಜರ್ ಕುರ್ಚಿಯಲ್ಲಿ ಊರಿನವರು ಇದ್ದಾರಾ ಅಂತ ಕೇಳಲಿ. ಬಂದ ಉತ್ತರವನ್ನು ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ. ಊಟಕ್ಕೆ ಕೂತಾಗ ಸಾರಿನ ಟೊಮೆಟೊ ಯಾವ ಊರಿನದ್ದು ಅಂತ ಅಡುಗೆಯವರನ್ನೇ ಕೇಳಿಬಿಡಿ.